ರಾಗಿ ಹೊಲ ದಾಟಿ ಶಾಲೆಗೆ

ನನ್ನ ಮಗಳು ಒಂದನೇ ತರಗತಿ ಸೇರಿದ ವರ್ಷ ನಮ್ಮ ಮನೆಯಲ್ಲಿ ಬೆಳಗಿನ ಮಾತುಕತೆಯೆಲ್ಲ ವಾಂತಿಯ ಬಗ್ಗೆಯೇ ಇರುತ್ತಿತ್ತು. ಬೇರೆಯವರ ಮನೆಗಳಲ್ಲಿ ಟೈ ಎಲ್ಲಿ, ಸಾಕ್ಸ್ ಎಲ್ಲಿ ಅಂತ ಹುಡುಕುವ ಹೊತ್ತಿನಲ್ಲಿ ನಾವು ನಿನ್ನೆ ಎಲ್ಲಿ ಆಯ್ತು, ಇವತ್ತು ಎಲ್ಲಿ ಆಗಬಹುದು, ಯಾರ ಪಕ್ಕ ಕೂತರೆ ಕಡಿಮೆ ಜಗಳ ಅಂತ ಲೆಕ್ಕ ಹಾಕುತ್ತಿದ್ದೆವು. ಮಗಳೂ ಇದನ್ನು ದೊಡ್ಡವರ ಹಾಗೆ ಗಂಭೀರವಾಗಿಯೇ ತೆಗೆದುಕೊಂಡಿದ್ದಳು. ಸಂಜೆ ಮನೆಗೆ ಬಂದವಳು ಶೂ ಬಿಚ್ಚುವ ಮೊದಲೇ, ಇವತ್ತು ಅಟ್ಟೂರಿನ ತನಕ ತಡ್ಕೊಂಡೆ ಅಂತ ವರದಿ ಒಪ್ಪಿಸುತ್ತಿದ್ದಳು.

ನಾವು ಗದಗಿನ ಕಡೆಯವರು. ನಾನು ಯಲಹಂಕದ ಹತ್ತಿರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಮನೆಯವರು ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದಾರೆ. ಬೆಳಕು ಹರಿಯುವ ಮುಂಚೆಯೇ ಕಂಪನಿ ಬಸ್ಸು ಹತ್ತಿ, ಟಿ. ದಾಸರಹಳ್ಳಿ ಬರುವ ತನಕ ಬಾಯಿ ತೆರೆದು ನಿದ್ದೆ ಮಾಡುತ್ತಾರೆ. ಹಾಗಾಗಿ ಮಗಳನ್ನು ಎಬ್ಬಿಸಿ, ತಿನ್ನಿಸಿ, ವ್ಯಾನಿಗೆ ತುಂಬುವುದು ನನ್ನ ಪಾಲಿನ ಕೆಲಸ. ತುಂಬುವುದು ಅಂತ ಸುಮ್ಮನೆ ಹೇಳುತ್ತಿಲ್ಲ. ಆ ವ್ಯಾನಿನಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ನಾನು ಒಂದು ದಿನವೂ ಎಣಿಸಲಿಲ್ಲ. ಎಣಿಸಿದ್ದರೆ ಕಳಿಸಲು ಮನಸ್ಸು ಬರುತ್ತಿರಲಿಲ್ಲ, ಕಳಿಸದಿದ್ದರೆ ನನ್ನ ಮೊದಲ ಪೀರಿಯಡ್ ತಪ್ಪುತ್ತಿತ್ತು.

ವ್ಯಾನಿನ ಮಾಲೀಕನೂ ಡ್ರೈವರೂ ಒಬ್ಬರೇ. ಹೊಟ್ಟೆ ಸ್ಟೇರಿಂಗಿಗೆ ತಾಗುವಷ್ಟು ದಪ್ಪಗಿದ್ದ, ಯಾವಾಗಲೂ ಬೆನ್ನು ನೋವು ಅನ್ನುತ್ತಿದ್ದ ಮನುಷ್ಯ. ಎಲ್ಲರೂ ಅವರನ್ನು ವ್ಯಾನ್ ಅಂಕಲ್ ಅಂತಲೇ ಕರೆಯುತ್ತಿದ್ದರು. ಒಂದು ಭಾನುವಾರ ನಾನು ಫೋನ್ ಮಾಡಿದಾಗ ಅವರ ಹೆಂಡತಿ ಎತ್ತಿಕೊಂಡು, ವ್ಯಾನ್ ಅಂಕಲ್ ಸ್ನಾನ ಮಾಡ್ತಾವ್ರೆ ಅಂದರು. ಅವರ ಲೆಕ್ಕದಲ್ಲಿ ನಮ್ಮ ಮನೆ ಮೊದಲ ಸ್ಟಾಪು. ಏಳಕ್ಕೆ ಸರಿಯಾಗಿ ಪುಟ್ಟೇನಹಳ್ಳಿಯ ನಮ್ಮ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಿದ್ದರು. ಅಲ್ಲಿಂದ ವ್ಯಾನು ದೊಡ್ಡಬಳ್ಳಾಪುರ ರಸ್ತೆ ಹಿಡಿದು, ಅನಂತಪುರ ಬಡಾವಣೆ ಮುಗಿಸಿ, ಅಟ್ಟೂರಿನ ಅಡ್ಡರಸ್ತೆಗಳಲ್ಲೆಲ್ಲ ಸುತ್ತಿ, ಯಾರದೋ ಮನೆ ಮುಂದೆ ನಿಂತು, ಶೂ ಹಾಕದ ಹುಡುಗನಿಗೆ ಕಾದು, ಶಾಲೆ ಮುಟ್ಟುವಾಗ ಎಂಟು ದಾಟಿರುತ್ತಿತ್ತು. ಅಷ್ಟರಲ್ಲಿ ನನ್ನ ಮಗಳು ತಿಂದ ದೋಸೆ ಹೊರಗೆ ಬಂದಿರುತ್ತಿತ್ತು.

ನಾವು ಮಾಡದ ಉಪಾಯವಿಲ್ಲ. ನಿಂಬೆಹಣ್ಣು ಮೂಸಲು ಕೊಟ್ಟೆವು; ಅವಳು ಅದನ್ನು ಪಕ್ಕದ ಹುಡುಗಿಯ ಒಂದು ಸ್ಕೆಚ್ ಪೆನ್ನಿಗೆ ಬದಲಾಯಿಸಿಕೊಂಡಳು. ಶುಂಠಿ ಚೂರು ಬಾಯಲ್ಲಿಡಿಸಿದೆವು. ಖಾರಕ್ಕೆ ಅತ್ತು, ಅತ್ತದ್ದಕ್ಕೆ ವಾಂತಿಯಾಯಿತು. ಖಾಲಿ ಹೊಟ್ಟೆಯಲ್ಲಿ ಕಳಿಸಿದ ದಿನ ಪ್ರಾರ್ಥನೆಯ ಸಾಲಿನಲ್ಲೇ ತಲೆ ಸುತ್ತಿ ಕೂತಳು. ಕೊನೆಗೆ ಗದಗಿನಿಂದ ನಮ್ಮ ಅತ್ತೆ ಫೋನಿನಲ್ಲಿ ಒಂದು ಮದ್ದು ಹೇಳಿದರು. ಪೇಪರ್ ಹಾಸಿ ಅದರ ಮ್ಯಾಲೆ ಕುಂದರಸು, ವಾಂತಿ ಬರಂಗಿಲ್ಲ, ನಿನ್ನ ಗಂಡನ್ನೂ ಹಂಗ ಧಾರವಾಡಕ್ಕ ಕರ್ಕೊಂಡ್ ಹೋಗ್ತಿದ್ವಿ ಅಂದರು. ಅದರ ಹಿಂದಿನ ವಿಜ್ಞಾನ ಏನೋ ಗೊತ್ತಿಲ್ಲ, ಆದರೆ ಆ ಹೊತ್ತಿಗೆ ನಾನು ಯಾರು ಏನು ಹೇಳಿದರೂ ಮಾಡುವ ಸ್ಥಿತಿಯಲ್ಲಿದ್ದೆ.

ಅವತ್ತು ಶನಿವಾರ, ಬಿಳಿ ಯೂನಿಫಾರ್ಮು. ಏಪ್ರಿಲ್ ಅಲ್ಲದಿದ್ದರೂ ಏಪ್ರಿಲಿನಷ್ಟೇ ಸೆಕೆ. ನಾನು ಅವಸರದಲ್ಲಿ ಕೈಗೆ ಸಿಕ್ಕ ಪೇಪರಿನ ಪುಟ ಹಾಸಿ ಕೂರಿಸಿದ್ದೆ. ಮಗಳು ಮೈಯೆಲ್ಲ ಬೆವರಿ, ಆ ಪುಟದ ಮೇಲೆ ಒಂದು ಗಂಟೆ ಅಲುಗಾಡದೆ ಕೂತು ಶಾಲೆ ಸೇರಿದಳು. ವಾಂತಿ ನಿಜಕ್ಕೂ ಆಗಲಿಲ್ಲ. ಆದರೆ ಮಧ್ಯಾಹ್ನ ಅವಳ ಕ್ಲಾಸ್ ಟೀಚರ್ ಫೋನ್ ಮಾಡಿ, ನಿಮ್ಮದೇನಾದರೂ ರಿಯಲ್ ಎಸ್ಟೇಟ್ ಬಿಸಿನೆಸ್ ಇದೆಯಾ ಅಂತ ಬಹಳ ವಿನಯದಿಂದ ಕೇಳಿದರು. ಮಗಳ ಬಿಳಿ ಸ್ಕರ್ಟಿನ ಹಿಂಭಾಗದಲ್ಲಿ ಒಂದು ಲೇಔಟಿನ ಜಾಹೀರಾತು ಉಲ್ಟಾ ಅಕ್ಷರಗಳಲ್ಲಿ ಪೂರ್ತಿ ಅಚ್ಚಾಗಿತ್ತಂತೆ. ಡ್ರಿಲ್ ಪೀರಿಯಡ್ಡಿನಲ್ಲಿ ಹಿಂದಿನ ಸಾಲಿನ ಮಕ್ಕಳು ಅದನ್ನು ಓದಲು ಪೈಪೋಟಿ ನಡೆಸಿದ್ದರಂತೆ.

ನಗುವುದೆಲ್ಲ ನಕ್ಕೆವು. ಆದರೆ ಮಗಳು ದಿನದಿನಕ್ಕೆ ಸೊರಗುತ್ತಿದ್ದಳು. ಸಂಜೆ ಬಂದರೆ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದಳು, ಆಡಲು ಹೋಗು ಅಂದರೆ ಕಾಲು ನೋವು ಅನ್ನುತ್ತಿದ್ದಳು. ರಾತ್ರಿ ಬೇಗ ನಿದ್ದೆ ಬರುತ್ತಿರಲಿಲ್ಲ, ಬೆಳಿಗ್ಗೆ ಎಚ್ಚರವಾಗುತ್ತಿರಲಿಲ್ಲ. ಭಾನುವಾರ ಸಂಜೆ ಆಯಿತೆಂದರೆ ಹೊಟ್ಟೆನೋವು ತಪ್ಪದೆ ಹಾಜರು. ಹಾಗಾಗಿ ಒಂದು ದಿನ ನಾವಿಬ್ಬರೂ ರಜೆ ಹಾಕಿ, ಯಲಹಂಕ ನ್ಯೂ ಟೌನಿನಲ್ಲಿರುವ ಮಕ್ಕಳ ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋದೆವು.

ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಹೊಟ್ಟೆ ಒತ್ತಿದರು, ಕಿವಿ ನೋಡಿದರು, ನಾಲಿಗೆ ನೋಡಿದರು. ಏನೂ ತೊಂದರೆ ಇಲ್ಲ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಶಾಲೆ ಎಷ್ಟು ದೂರ?"

"ಒಂದು ಗಂಟೆ, ಮೇಡಂ."

"ನಾನು ಟೈಮ್ ಕೇಳಲಿಲ್ಲ. ದೂರ ಕೇಳಿದೆ."

ನಾನು ಗಂಡನ ಮುಖ ನೋಡಿದೆ. ಅವರು ಗೋಡೆಯ ಮೇಲಿದ್ದ, ಮಕ್ಕಳ ಎತ್ತರ ಅಳೆಯುವ ಜಿರಾಫೆಯ ಚಿತ್ರ ನೋಡಿದರು. ಇಬ್ಬರಿಗೂ ಗೊತ್ತಿರಲಿಲ್ಲ. ಅಡ್ಮಿಷನ್ನಿಗೆ ಅಂತ ಹೋದಾಗ ಆಟೋದವನು ಮುಖ್ಯರಸ್ತೆ ಹಿಡಿದು, ಎಲ್ಲೋ ದೂರದಲ್ಲಿ ಯೂ-ಟರ್ನ್ ತೆಗೆದುಕೊಂಡು, ಬಹಳ ಹೊತ್ತಿನ ಮೇಲೆ ಇಳಿಸಿದ್ದ. ಆವತ್ತಿನಿಂದ ಶಾಲೆ ದೂರ ಅಂತಲೇ ನಮ್ಮ ತಲೆಯಲ್ಲಿ ಕೂತಿತ್ತು. ನಮ್ಮವರು ಮೊಬೈಲು ತೆಗೆದು ನೋಡಿದರು. ನೋಡಿ, ಮೊಬೈಲನ್ನು ಒಮ್ಮೆ ಅಲ್ಲಾಡಿಸಿ, ಮತ್ತೆ ನೋಡಿದರು. ಎರಡು ಕಿಲೋಮೀಟರೂ ಇರಲಿಲ್ಲ. ನಡೆದುಕೊಂಡು ಹೋದರೆ ಅರ್ಧ ಗಂಟೆಗಿಂತ ಕಡಿಮೆ ಅಂತ ತೋರಿಸುತ್ತಿತ್ತು.

ಡಾಕ್ಟರು ಔಷಧಿ ಬರೆಯಲಿಲ್ಲ. "ಬೆಳಿಗ್ಗೆಯಿಂದ ರಾತ್ರಿ ತನಕ ಈ ಮಗು ಕೂರದೇ ಇರೋದು ಯಾವಾಗ, ಹೇಳಿ" ಅಂದರು. ನಾನು ಯೋಚಿಸಿದೆ. ವ್ಯಾನಿನಲ್ಲಿ ಕೂರುತ್ತಾಳೆ, ಕ್ಲಾಸಿನಲ್ಲಿ ಕೂರುತ್ತಾಳೆ, ಮತ್ತೆ ವ್ಯಾನು, ಆಮೇಲೆ ಹೋಮ್‌ವರ್ಕು, ಆಮೇಲೆ ಟೀವಿ. ಸ್ನಾನ ಮಾಡುವಾಗ ನಿಲ್ಲುತ್ತಾಳೆ ಅಂದೆ. ಡಾಕ್ಟರಿಗೆ ನಗು ಬಂತು, ಆದರೆ ತಡೆದುಕೊಂಡರು.

ದಾರಿಯಲ್ಲಿ ನಾನು, ಹಾಗಾದರೆ ನಡೆಸೋಣ ಅಂದೆ. ನಮ್ಮವರಿಗೆ ಅದು ಹುಚ್ಚಿನ ಮಾತಾಗಿ ಕಂಡಿತು. "ಈ ಟ್ರಾಫಿಕ್ಕಿನ್ಯಾಗ ಕೂಸಿನ್ನ ನಡಸ್ತೀಯೇನು?" ಅಂದರು. ಎರಡು ಕಿಲೋಮೀಟರಿಗೆ ವ್ಯಾನೂ ಬೇಡ, ನಡಿಗೆಯೂ ಬೇಡ, ನಾನೇ ಸ್ಕೂಟರಿನಲ್ಲಿ ಬಿಡುತ್ತೇನೆ ಅಂತ ಹೇಳಿ, ಕೆಲವು ವಾರ ಸೆಕೆಂಡ್ ಶಿಫ್ಟ್ ಹಾಕಿಸಿಕೊಂಡರು.

ಮಗಳಿಗೆ ಒಂದು ಗುಲಾಬಿ ಹೆಲ್ಮೆಟ್ ಬಂತು. ಅದನ್ನು ಹಾಕಿದರೆ ಅವಳ ಕತ್ತಿನ ಮೇಲೆ ಕುಂಬಳಕಾಯಿ ಇಟ್ಟ ಹಾಗಿತ್ತು; ಅತ್ತ ಇತ್ತ ನೋಡಲು ತಲೆ ತಿರುಗಿಸಿದರೆ ಮುಖ ಮಾತ್ರ ತಿರುಗಿ ಹೆಲ್ಮೆಟ್ಟು ಇದ್ದಲ್ಲೇ ಇರುತ್ತಿತ್ತು. ನಿದ್ದೆ ಹೋಗಿ ಜಾರಿಬಿಡುತ್ತಾಳೆ ಅಂತ ಅಪ್ಪ-ಮಗಳನ್ನು ನನ್ನ ಹಳೇ ವೇಲಿನಿಂದ ಸೇರಿಸಿ ಕಟ್ಟುತ್ತಿದ್ದೆ. ಮೊದಲೆರಡು ದಿನ ಇಬ್ಬರೂ ಖುಷಿಯಾಗಿದ್ದರು. ಆಮೇಲೆ ಮಗಳು ಬರುವಾಗ ಮೂಗಿನ ಕೆಳಗೆ ಕಪ್ಪು ಮೀಸೆ ಬರತೊಡಗಿತು. ಸಿಗ್ನಲ್ಲಿನಲ್ಲಿ ನೀರಿನ ಟ್ಯಾಂಕರಿನ ಹಿಂದೆ ನಿಂತರೆ ಅದರ ಹೊಗೆಯೆಲ್ಲ ಸರಿಯಾಗಿ ಅವಳ ಮುಖದ ಎತ್ತರಕ್ಕೇ ಬರುತ್ತಿತ್ತು. ವಾಂತಿ ಹೋಗಿ ಕೆಮ್ಮು ಬಂತು.

ಅದಕ್ಕಿಂತ ದೊಡ್ಡ ಕಷ್ಟ ಶಾಲೆಯ ಗೇಟಿನದು. ಪಕ್ಕದ ಬೀದಿಯವರೂ ಮಕ್ಕಳನ್ನು ಕಾರಿನಲ್ಲಿ ತರುತ್ತಿದ್ದರು. ಆ ಕಾರುಗಳನ್ನು ದಾಟಿಕೊಂಡು ಬಸ್ಸು, ಬಸ್ಸನ್ನು ದಾಟಿಕೊಂಡು ಆಟೋ, ಅವುಗಳ ಮಧ್ಯೆ ಹೆಡ್‌ಮಿಸ್ಸೇ ಸೀಟಿ ಹಿಡಿದು ನಿಂತಿರುತ್ತಿದ್ದರು. ಒಂದು ದಿನ ಅವರು ಸೀಟಿ ಊದಿ ಊದಿ ಸುಸ್ತಾಗಿ, ನಮ್ಮವರ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡು ನಿಂತುಬಿಟ್ಟರಂತೆ. ಇವರು ಅದನ್ನು ಹಿಂದೆ ಹೋಗು ಅನ್ನುವ ಸೂಚನೆ ಅಂತ ತಿಳಿದು ಹಿಂದೆ ಹೋಗಿ ಒಂದು ಕಾರಿಗೆ ತಾಗಿಸಿದರು. ಕಾರಿನವನು ಇಳಿದು ಬೈಯಲು ಬಂದು, ಇವರ ಬೆನ್ನಿಗೆ ಕಟ್ಟಿದ್ದ ಗುಲಾಬಿ ಕುಂಬಳಕಾಯಿ ಗೊರಕೆ ಹೊಡೆಯುತ್ತಿರುವುದನ್ನು ಕಂಡು ವಾಪಸ್ ಹೋದನಂತೆ. ಮರುವಾರವೇ ನಮ್ಮವರು ಮೊದಲ ಶಿಫ್ಟಿಗೆ ಮರಳಿದರು.

ಈ ಕಥೆಯನ್ನೆಲ್ಲ ಕೆಳಗಿನ ಮನೆಯಿಂದ ಒಬ್ಬರು ಗಮನಿಸುತ್ತಿದ್ದರು. ಅವರು ನಮ್ಮ ಮನೆ ಓನರ್ ಅಜ್ಜಿ. ಈ ಊರು ಊರಾಗಿದ್ದಾಗಿನಿಂದ ಇಲ್ಲೇ ಇದ್ದ ಒಕ್ಕಲುತನದ ಮನೆ ಅವರದು. ಹೊಲಗಳೆಲ್ಲ ಈಗ ಕಟ್ಟಡಗಳಾಗಿವೆ, ಮಗ ಬಿಲ್ಡರು. ಮಗನ ಕಾರು ಎಷ್ಟು ದೊಡ್ಡದೆಂದರೆ ನಮ್ಮ ಅಡುಗೆಮನೆ ಅದರಲ್ಲಿ ಹಿಡಿಯುತ್ತದೆ. ಬೀದಿಯ ಕೊನೆಯ ಮಾರಮ್ಮನ ಗುಡಿಗೂ ಅಜ್ಜಿ ಅದರಲ್ಲೇ ಹೋಗುತ್ತಿದ್ದರು. ಸಕ್ಕರೆ ಕಾಯಿಲೆ ಅಂತ ಅವರ ಡಾಕ್ಟರು ದಿನಾ ನಡೆಯಲು ಹೇಳಿದ್ದರು. ಮಗ ತಂದುಕೊಟ್ಟ ಬಿಳಿ ಸ್ಪೋರ್ಟ್ಸ್ ಶೂಗಳನ್ನು ಅಜ್ಜಿ ಬೆಲೆಯ ಚೀಟಿ ಸಹಿತ ಟೀವಿಯ ಪಕ್ಕ ಇಟ್ಟಿದ್ದರು, ಬಂದವರಿಗೆ ತೋರಿಸಲು.

ಒಂದು ಸಂಜೆ ನಾನು ಮೆಟ್ಟಿಲು ಹತ್ತುವಾಗ ಅವರು ತಡೆದು, ಕೂಸು ಯಾಕೆ ಕೆಮ್ಮುತ್ತೆ ಅಂತ ಕೇಳಿದರು. ನಾನು ವ್ಯಾನಿನಿಂದ ಹಿಡಿದು ಡಾಕ್ಟರವರೆಗೆ ಎಲ್ಲ ಹೇಳಿದೆ. ಶಾಲೆ ಎಲ್ಲಿ ಅಂದರು. ಹೇಳಿದೆ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕರು.

"ಅಯ್ಯೋ ಟೀಚರಮ್ಮ, ಅದು ನಮ್ ರಾಗಿ ಒಲದ್ ಇಂದೆನೇ. ಇಂಗೆ ಓಗಿ ಅಂಗೆ ತಿರುಗುದ್ರೆ ಬಂದೇಬುಡ್ತದೆ. ನಾಳೆ ನಾನೇ ಕರ್ಕಂಡ್ ಓಯ್ತೀನಿ, ಬಾ."

ಮರುದಿನ ಅಜ್ಜಿ ಸೀರೆಯ ಮೇಲೆ ಸ್ವೆಟರ್ ತೊಟ್ಟು, ಮಂಕಿ ಕ್ಯಾಪ್ ಹಾಕಿ, ಬಿಳಿ ಶೂ ಏರಿಸಿಕೊಂಡು, ಕೈಯಲ್ಲಿ ಮಡಿಸಿದ ಕೊಡೆ ಹಿಡಿದು ಗೇಟಿನಲ್ಲಿ ಸಿದ್ಧವಾಗಿದ್ದರು. ಬೆಲೆಯ ಚೀಟಿ ಇನ್ನೂ ಹಾಗೇ ಇತ್ತು. ಮಗಳಿಗೆ ಅಜ್ಜಿಯ ಅವತಾರ ಎಷ್ಟು ಹಿಡಿಸಿತೆಂದರೆ ಕೈ ಹಿಡಿದುಕೊಂಡು ಹೊರಟೇಬಿಟ್ಟಳು. ನಾನು ಬ್ಯಾಗು ಹೊತ್ತು ಹಿಂದೆ.

ಅಜ್ಜಿ ದಾರಿಯುದ್ದಕ್ಕೂ ಬೆರಳು ತೋರಿಸಿ ಹೇಳುತ್ತಾ ಹೋದರು. ಇಲ್ಲಿ ಹುಣಸೇಮರ, ಇಲ್ಲಿ ಸೇದೋ ಬಾವಿ, ಇಲ್ಲಿ ನಮ್ಮ ಭಾವಮೈದುನನ ಅವರೆಕಾಯಿ. ಅವರು ತೋರಿಸಿದ ಕಡೆಯಲ್ಲೆಲ್ಲ ಬ್ಯೂಟಿ ಪಾರ್ಲರು, ಟೈರ್ ಅಂಗಡಿ, ಪ್ಲೇಹೋಮು ಇದ್ದವು. ಮಗಳು ಒಂದೊಂದನ್ನೂ ನಂಬಿ, ಟೈರ್ ಅಂಗಡಿಯೊಳಗೆ ಇಣುಕಿ ಬಾವಿ ಹುಡುಕಿದಳು. ಎರಡು ತಿರುವು ಕಳೆದ ಮೇಲೆ ಅಜ್ಜಿ ನಿಂತರು. ಎದುರಿಗೆ ಹತ್ತಾರು ಅಂತಸ್ತಿನ ಅಪಾರ್ಟ್‌ಮೆಂಟು, ಅದರ ಗೇಟು.

ಇದೇ ನಮ್ ಒಲ ಅಂದರು ಅಜ್ಜಿ, ಮತ್ತು ಒಳಗೆ ನಡೆದರು.

ಸೆಕ್ಯುರಿಟಿಯವರು ಒಡಿಶಾ ಕಡೆಯ, ದೊಡ್ಡ ಮೀಸೆಯ, ಬಹಳ ಮರ್ಯಾದೆಯ ಮನುಷ್ಯ. ಒಡಕು ಕನ್ನಡದಲ್ಲಿ, ಯಾವ ಫ್ಲ್ಯಾಟು ಅಮ್ಮ ಅಂತ ಕೇಳಿದರು. ಅಜ್ಜಿ, ಯಾವ ಫ್ಲ್ಯಾಟೂ ಇಲ್ಲ, ಒಲ ದಾಟ್ಬೇಕು ಅಂದರು. ಅವರು ಮೊಬೈಲು ತೆರೆದು, ಬಂದವರ ಉದ್ದೇಶ ಬರೆಯುವ ಕಡೆ ಬೆರಳಿಟ್ಟು ಕಾದರು. ಡೆಲಿವರಿ, ಅತಿಥಿ, ಪ್ಲಂಬರು, ಕೆಲಸದವರು ಅಂತ ನಾಲ್ಕು ಆಯ್ಕೆಗಳಿದ್ದವು. ಹೊಲ ದಾಟುವವರು ಅಂತ ಇರಲಿಲ್ಲ. ಯಾರಾದರೂ ಫ್ಲ್ಯಾಟಿನವರು ಒಪ್ಪಿಗೆ ಕೊಡದೆ ಒಳಗೆ ಬಿಡುವ ಹಾಗಿಲ್ಲ ಅಂತ ಕೈ ಮುಗಿದರು.

ಆಗ ಅಜ್ಜಿಗೆ ನೆನಪಾಯಿತು, ಜಾಗ ತಮ್ಮದಾದ್ದರಿಂದ ಬಿಲ್ಡಿಂಗಿನಲ್ಲಿ ತಮ್ಮ ಪಾಲಿಗೂ ಒಂದಷ್ಟು ಫ್ಲ್ಯಾಟು ಬಂದಿವೆ ಅಂತ. ನಂಬರು ಗೊತ್ತಿರಲಿಲ್ಲ. ಮಗನಿಗೆ ಫೋನ್ ಮಾಡಿ ಎಬ್ಬಿಸಿದರು. ಅವರು ನಿದ್ದೆಗಣ್ಣಿನಲ್ಲಿ ಯಾವುದೋ ನಂಬರು ಹೇಳಿದರು. ಸೆಕ್ಯುರಿಟಿಯವರು ಆ ಫ್ಲ್ಯಾಟಿಗೆ, ನಿಮ್ಮ ಓನರಿನ ತಾಯಿ ಗೇಟಿನಲ್ಲಿದ್ದಾರೆ ಅಂತ ತಿಳಿಸಿದರು. ಸ್ವಲ್ಪ ಹೊತ್ತಿಗೆ ಲಿಫ್ಟಿನಿಂದ ಒಬ್ಬ ಬಾಡಿಗೆದಾರರು ಬಾಯಲ್ಲಿ ಬ್ರಶ್ಶು, ಹೆಗಲ ಮೇಲೆ ಟವೆಲ್ಲು ಇಟ್ಟುಕೊಂಡು ಓಡಿ ಬಂದರು. ಬೆಳಬೆಳಿಗ್ಗೆ ಓನರ್ ಮನೆಯವರು ಯಾಕೆ ಬಂದರು ಅಂತ ಪಾಪ ಅವರಿಗೆ ಗಾಬರಿ. ಗೋಡೆಗೆ ಮೊಳೆ ಹೊಡೆದಿಲ್ಲ ಅಂತ ಬ್ರಶ್ಶಿನ ಹಿಂದಿನಿಂದಲೇ ಹೇಳಿದರು. ಅಜ್ಜಿ ಅವರ ಭುಜ ತಟ್ಟಿ, ಚೆನ್ನಾಗಿರಪ್ಪ ಅಂತ ಹರಸಿ, ನಮ್ಮನ್ನು ಕರೆದುಕೊಂಡು ಒಳಗೆ ನಡೆದರು.

ಈಜುಕೊಳ ದಾಟಿದೆವು, ಜೋಕಾಲಿ ದಾಟಿದೆವು, ಜನರೇಟರ್ ಕೋಣೆ ದಾಟಿದೆವು. ಕೊನೆಗೆ ಸಿಕ್ಕಿದ್ದು ಎರಡಾಳೆತ್ತರದ ಗೋಡೆ, ಮೇಲೆ ತಂತಿ. ಆಚೆ ಕಡೆ ಶಾಲೆಯ ಪ್ರಾರ್ಥನೆಯ ಮೈಕು ಸ್ಪಷ್ಟವಾಗಿ ಕೇಳುತ್ತಿತ್ತು. ಹಿಂಬದಿಗೆ ಗೇಟು ಇರಲೇ ಇಲ್ಲ. ಅಜ್ಜಿ ಕೊಡೆಯ ತುದಿಯಿಂದ ಗೋಡೆಯನ್ನು ಎರಡು ಸಲ ಕುಟ್ಟಿದರು. ಇಲ್ಲೊಂದು ಬದು ಇತ್ತು, ಅದರ ಮೇಲೇ ನಡೀತಿದ್ವಿ ಅಂದರು. ಯಾವ ನನ್ಮಗ ಕಟ್ಟಿಸ್ದ ಈ ಗೋಡೇನ ಅಂತ ಕೇಳಿದರು. ಕಟ್ಟಿಸಿದ್ದು ಅವರ ಮಗನೇ ಅಂತ ನನಗೆ ಗೊತ್ತಿತ್ತು.

ಬಂದ ದಾರಿಯಲ್ಲೇ ವಾಪಸ್ ಬಂದು, ಪುಟ್ಟೇನಹಳ್ಳಿ ಕೆರೆಯ ತಂತಿಬೇಲಿಯ ಪಕ್ಕದ ಹಾದಿ ಹಿಡಿದು, ಒಂದು ಪಾರ್ಕಿನ ಒಳಗಿಂದ ಶಾಲೆ ಸೇರುವಾಗ ಗೇಟು ಮುಚ್ಚಿತ್ತು. ಹೆಡ್‌ಮಿಸ್ಸು ಕನ್ನಡಕ ಇಳಿಸಿ ನಮ್ಮ ಮೂವರನ್ನೂ ನೋಡಿದರು. ತಡ ಯಾಕಾಯ್ತು ಅಂತ ಮಗಳನ್ನೇ ಕೇಳಿದರು. ಅವಳು ಒಂದೂ ಬಿಡದೆ, ಈಜುಕೊಳ, ಬ್ರಶ್ ಅಂಕಲ್, ಗೋಡೆ, ಕೆರೆಯಲ್ಲಿ ಉದ್ದ ಕೊಕ್ಕಿನ ಹಕ್ಕಿ ಮೀನನ್ನು ಅಡ್ಡಡ್ಡ ಹಿಡಿದು ಆಮೇಲೆ ಉದ್ದುದ್ದ ಮಾಡಿ ನುಂಗಿದ್ದು, ಎಲ್ಲವನ್ನೂ ಹೇಳಿದಳು. ಹೆಡ್‌ಮಿಸ್ಸು ಗೇಟು ತೆಗೆಸಿದರು. ಇಡೀ ವರ್ಷದಲ್ಲಿ ಆ ಮಗು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ ಅಂತ ಆಮೇಲೊಂದು ಸಲ ಸಿಕ್ಕಾಗ ನನಗೆ ಹೇಳಿದರು.

ಆ ದಿನ ವಾಂತಿ ಆಗಲಿಲ್ಲ. ಸಣ್ಣ ವಿರಾಮಕ್ಕೇ ಊಟದ ಡಬ್ಬಿ ಪೂರ್ತಿ ಖಾಲಿ ಮಾಡಿ, ಮಧ್ಯಾಹ್ನ ಬೇರೆಯವರ ಚಿತ್ರಾನ್ನಕ್ಕೆ ಕೈ ಹಾಕಿದಳಂತೆ. ಸಂಜೆ ನಾನು ಕಾಲೇಜಿನಿಂದ ಬರುವುದು ತಡವಾಗುವುದರಿಂದ ಬರುವಾಗ ಮಾತ್ರ ವ್ಯಾನೇ ಇರಲಿ ಅಂತ ಮಾಡಿಕೊಂಡೆವು. ಬೆಳಿಗ್ಗೆ ನಡಿಗೆ, ಅವಳನ್ನು ಬಿಟ್ಟು ನಾನು ಅಲ್ಲಿಂದಲೇ ಕಾಲೇಜಿಗೆ.

ವಾರ ಕಳೆಯುವುದರೊಳಗೆ ಬದಲಾವಣೆ ಕಾಣತೊಡಗಿತು. ರಾತ್ರಿ ಊಟ ಮುಗಿಸಿ ಅಲ್ಲೇ ತೂಕಡಿಸುತ್ತಿದ್ದಳು, ಬೆಳಿಗ್ಗೆ ಎಬ್ಬಿಸುವ ಮೊದಲೇ ಎದ್ದು, ಅಜ್ಜಿ ರೆಡಿ ಆದ್ರಾ ಅಂತ ಬಾಲ್ಕನಿಯಿಂದ ಇಣುಕುತ್ತಿದ್ದಳು. ಕೆಮ್ಮು ನಿಂತಿತು. ಭಾನುವಾರದ ಹೊಟ್ಟೆನೋವು ಯಾವಾಗ ಹೋಯಿತೋ ನಾವು ಗಮನಿಸಲೂ ಇಲ್ಲ. ಆದರೆ ಬಾಯಿ ಮಾತ್ರ ಜಾಸ್ತಿಯಾಯಿತು. ನಡೆಯುವಷ್ಟು ಹೊತ್ತೂ ಮಾತು. ಗಣಿತದ ಮಿಸ್ಸಿನ ಬಳೆ, ಒಬ್ಬ ಹುಡುಗ ಬಳಪ ತಿನ್ನುವುದು, ಹಕ್ಕಿಗಳಿಗೆ ಶೂ ಯಾಕಿಲ್ಲ, ನೀನು ಸತ್ತರೆ ನಿನ್ನ ಮೊಬೈಲು ಯಾರಿಗೆ. ಇಷ್ಟು ದಿನ ಅವಳು ಮೌನದ ಮಗು ಅಂತ ನಾವು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದೆವು. ವಾಂತಿ ತಡೆದುಕೊಂಡು ಬಾಯಿ ಮುಚ್ಚಿಕೊಂಡಿದ್ದಳು, ಅಷ್ಟೇ.

ದಾರಿ ಸುಖವಾಗೇನೂ ಇರಲಿಲ್ಲ. ಒಂದು ಕಡೆ ಫುಟ್‌ಪಾತ್ ಅಗೆದು ಹಾಗೇ ಬಿಟ್ಟಿದ್ದರು, ಒಂದು ಕಡೆ ಟ್ರಾನ್ಸ್‌ಫಾರ್ಮರು, ಇನ್ನೊಂದು ಕಡೆ ಎಳನೀರಿನ ಬುರುಡೆಗಳ ಗುಡ್ಡ. ಎಲ್ಲಕ್ಕಿಂತ ಕಷ್ಟ ಫುಟ್‌ಪಾತಿನ ಮೇಲೇ ಬರುವ ಬೈಕುಗಳದು. ಅದಕ್ಕೆ ಅಜ್ಜಿಯ ಹತ್ತಿರ ಉಪಾಯವಿತ್ತು. ಹಿಂದೆ ಹಾರ್ನ್ ಕೇಳಿದ ಕೂಡಲೇ ಅವರು ನಡುಮಧ್ಯೆ ನಿಂತು, ಕೊಡೆ ಬಿಚ್ಚಿ, ನಿಧಾನಕ್ಕೆ ತಿರುಗುತ್ತಿದ್ದರು. ಬೈಕಿನವನು, ಜಾಗ ಬಿಡಿ ಆಂಟಿ ಅಂದರೆ, "ಇದು ನಡಿಯೋರ್ ಜಾಗ ಕಣಪ್ಪ. ಇಳ್ದು ತಳ್ಕಂಡ್ ಓಗು" ಅನ್ನುತ್ತಿದ್ದರು. ಸಿಟ್ಟಿಲ್ಲ, ಗದ್ದಲವಿಲ್ಲ. ಇಳಿದು ತಳ್ಳುವ ತನಕ ಕೊಡೆ ಮಡಿಸುತ್ತಿರಲಿಲ್ಲ. ಒಮ್ಮೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರೇ ಹಾಗೆ ಸ್ಕೂಟರ್ ತಳ್ಳಿಕೊಂಡು ಹೋದರು. ನಾನು ಅಜ್ಜಿಯ ಕೊಡೆಯ ಮರೆಯಲ್ಲಿ ಶೂ ಲೇಸ್ ಕಟ್ಟುವ ಹಾಗೆ ಬಗ್ಗಿದ್ದೆ. ನಾನು ಹಾಕಿದ್ದು ಚಪ್ಪಲಿ.

ಇದರ ಮಧ್ಯೆ ಸಂಜೆಯ ವ್ಯಾನಿನಲ್ಲಿ ನನ್ನ ಮಗಳು ಪ್ರಚಾರ ಶುರು ಮಾಡಿದ್ದಳು. ಕೆರೆಯ ಹಕ್ಕಿಗಳು, ಅಜ್ಜಿಯ ಕೊಡೆ, ದಾರಿಯಲ್ಲಿ ಸಿಕ್ಕ ನಾಯಿಮರಿಗಳು. ನಮ್ಮ ಬೀದಿಯ ಇಬ್ಬರು ಮಕ್ಕಳು ನಾವೂ ನಡೀತೀವಿ ಅಂತ ಹಟ ಹಿಡಿದರು, ಆಮೇಲೆ ಹಿಂದಿನ ಬೀದಿಯ ಅಣ್ಣ-ತಂಗಿ. ಒಂದು ಶನಿವಾರ ಸಂಜೆ ವ್ಯಾನ್ ಅಂಕಲ್ ನಮ್ಮ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಂದು ಕೂತರು. ನೀರು ಕುಡಿದರು. ಆಮೇಲೆ ಹೇಳಿದರು:

"ಟೀಚರ್, ನೀವು ಮಕ್ಕಳನ್ನ ಕೆಡಿಸ್ತಾ ಇದೀರ."

ಅವರ ಮಾತಿನಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. ಅಟ್ಟೂರಿನ ಮಕ್ಕಳೂ ಈಗ ದಾರಿಯಲ್ಲಿ ಇಳಿಸಿ, ಹಕ್ಕಿ ನೋಡಬೇಕು ಅಂತ ಕಿಟಕಿ ಬಡಿಯುತ್ತಾರಂತೆ. ಎಲ್ಲರೂ ನಡೆದರೆ ನಾನೇನು ಮಾಡಲಿ ಅಂದರು. ಅಷ್ಟು ದೂರದ ಮಕ್ಕಳು ನಡೆಯಲು ಆಗುವುದಿಲ್ಲ, ಅವರಿಗೆ ನೀವೇ ಬೇಕು ಅಂತ ನಾನು ಸಮಾಧಾನ ಹೇಳುತ್ತಿದ್ದೆ. ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ಅಜ್ಜಿ ಬಾಗಿಲಲ್ಲಿ ನಿಂತು, ದಿನಾ ಆ ಶಾಲೆ ಗೇಟಲ್ಲಿ ಎಷ್ಟೊತ್ತು ಸಿಕ್ಕಾಕ್ಕತೀಯಪ್ಪ ಅಂತ ಕೇಳಿದರು. ಅದೊಂದು ಪ್ರಶ್ನೆಗೆ ವ್ಯಾನ್ ಅಂಕಲ್ ಕರಗಿಹೋದರು. ದಾರಿಯ ಅರ್ಧ ಹೊತ್ತು ಗೇಟಿನ ಮುಂದೆಯೇ ಹೋಗುತ್ತದೆ, ಕ್ಲಚ್ಚು ಒತ್ತಿ ಒತ್ತಿ ಬೆನ್ನು ಬಿದ್ದುಹೋಗಿದೆ, ಹೆಡ್‌ಮಿಸ್ಸಿನ ಸೀಟಿ ನಿದ್ದೆಯಲ್ಲೂ ಕೇಳುತ್ತದೆ ಅಂತ ಸಂಕಟವನ್ನೆಲ್ಲ ತೋಡಿಕೊಂಡರು. ಅಂಗಾದ್ರೆ ಕೆರೆ ಮೂಲೇಲಿ ಇಳ್ಸು, ಅಲ್ಲಿಂದ ನಡೀಲಿ ಅಂದರು ಅಜ್ಜಿ. ಮಕ್ಕಳ ಜತೆ ಯಾರು ಬರುತ್ತಾರೆ ಅಂತ ವ್ಯಾನ್ ಅಂಕಲ್ ಕೇಳಿದರು. ಅಜ್ಜಿ ಅವರ ಹೊಟ್ಟೆಯ ಕಡೆ ನೋಡಿ, ನೀನೇ ಅಂದರು.

ಅಪ್ಪ-ಅಮ್ಮಂದಿರನ್ನು ಒಪ್ಪಿಸಲು ತಿಂಗಳೇ ಹಿಡಿಯಿತು. ವಾಟ್ಸ್ಆ್ಯಪ್ ಗುಂಪಿನಲ್ಲಿ ನಾಯಿ, ಮಳೆ, ಬಿಸಿಲು, ಕಪ್ಪಾಗುವುದು ಅಂತ ದಿನಾ ಒಂದು ಆಕ್ಷೇಪ. ಕೊನೆಗೆ ಹೆಡ್‌ಮಿಸ್ಸೇ, ಗೇಟಿನ ಮುಂದೆ ಒಂದು ಗಾಡಿ ಕಡಿಮೆಯಾದರೂ ನನಗೆ ಹಬ್ಬ ಅಂತ ಬರೆದ ಮೇಲೆ ಒಬ್ಬೊಬ್ಬರಾಗಿ ಹೂಂ ಅಂದರು. ಆಮೇಲೆ ಬೆಳಿಗ್ಗೆ ಕೆರೆಯ ಮೂಲೆಯಲ್ಲಿ ವ್ಯಾನು ನಿಲ್ಲುವುದು, ಅದರ ಹೊಟ್ಟೆಯಿಂದ ಮಕ್ಕಳು ಒಬ್ಬರ ಮೇಲೊಬ್ಬರು ಇಳಿಯುವುದು, ಮುಂದೆ ಅಜ್ಜಿಯ ಕೊಡೆ, ಹಿಂದೆ ಎರಡೂ ಕೈ ಚಾಚಿ ಕೋಳಿ ಅಟ್ಟುವ ಹಾಗೆ ವ್ಯಾನ್ ಅಂಕಲ್. ಶುರುವಾದ ದಿನ ಮೊದಲ ಬಾರಿಗೆ ಅವರನ್ನು ನಿಂತ ಸ್ಥಿತಿಯಲ್ಲಿ ಕಂಡ ಮಕ್ಕಳು, ಅಂಕಲ್ ಇಷ್ಟು ಗಿಡ್ಡನಾ ಅಂತ ಆಶ್ಚರ್ಯಪಟ್ಟರು.

ಎಲ್ಲರಿಗೂ ಒಳ್ಳೆಯದಾಯಿತು ಅಂತ ಹೇಳಲಾರೆ. ಮಳೆಗಾಲದಲ್ಲಿ ಪಾರ್ಕಿನ ಮುಂದೆ ಮೊಣಕಾಲುದ್ದ ನೀರು ನಿಂತು ವಾರಗಟ್ಟಲೆ ಮತ್ತೆ ವ್ಯಾನೇ ಗತಿಯಾಯಿತು. ಒಬ್ಬ ಹುಡುಗ ಅಗೆದ ಗುಂಡಿಗೆ ಕಾಲಿಟ್ಟು ಪಾದ ಉಳುಕಿಸಿಕೊಂಡ. ಅವನಮ್ಮ ನನ್ನ ಜತೆ ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ದಸರಾ ರಜೆಗೆ ಗದಗಿಗೆ ಹೊರಟಾಗ ಮಗಳಿಗೆ ಬಸ್ಸು ತುಮಕೂರು ಮುಟ್ಟುವ ಮೊದಲೇ ವಾಂತಿಯಾಯಿತು. ನಮ್ಮವರು ತಲೆ ಮೇಲೆ ಕೈಹೊತ್ತು, ಗದಗಿಗೂ ನಡ್ಕೋತ ಹೋಗೂಣೇನವಾ ಅಂದರೆ, ಅವಳು ಬಾಯಿ ಒರೆಸಿಕೊಂಡು, ಅಜ್ಜಿ ಬಂದ್ರೆ ಹೋಗೋಣ ಅಂದಳು.

ಅಜ್ಜಿಯ ಸಕ್ಕರೆ ಕೂಡ ಇಳಿಯಲಿಲ್ಲ. ದಿನಾ ಅಷ್ಟು ನಡೆದರೂ ಯಾಕೆ ಹೀಗೆ ಅಂತ ಅವರ ಮಗ ತಲೆ ಕೆಡಿಸಿಕೊಂಡು, ಡಾಕ್ಟರನ್ನೇ ಬದಲಾಯಿಸುವ ಯೋಚನೆಯಲ್ಲಿದ್ದರು. ಒಂದು ದಿನ ನನ್ನ ಮೊದಲ ಪೀರಿಯಡ್ ರದ್ದಾಗಿ, ಮಕ್ಕಳನ್ನು ಬಿಟ್ಟು ಸ್ವಲ್ಪ ತಡವಾಗಿ ಶಾಲೆಯ ಹತ್ತಿರದ ದರ್ಶಿನಿಗೆ ಕಾಫಿ ಕುಡಿಯಲು ಹೋದೆ. ಒಳಗೆ ಮೂಲೆಯ ಟೇಬಲ್ಲಿನಲ್ಲಿ ಅಜ್ಜಿ ಮತ್ತು ವ್ಯಾನ್ ಅಂಕಲ್ ಎದುರುಬದುರು ಕೂತಿದ್ದರು. ಇಡ್ಲಿ, ವಡೆ, ಮಧ್ಯದಲ್ಲಿ ಒಂದು ತಟ್ಟೆ ಕೇಸರಿಬಾತು. ಸರ್ವರ್ ನೋಡಿದ ರೀತಿಯಲ್ಲೇ ಇದು ದಿನದ ವಾಡಿಕೆ ಅಂತ ಗೊತ್ತಾಯಿತು. ವ್ಯಾನ್ ಅಂಕಲ್ ಎದ್ದು ನಿಂತರು. ಅಜ್ಜಿ ಕೂತೇ ಇದ್ದರು.

"ಇಷ್ಟ್ ನಡುದ್ರೆ ಅಸಿವಾಗಾಕಿಲ್ವ ಟೀಚರಮ್ಮ," ಅಂದರು. "ಕೂತ್ಕ, ನಿಂಗೂ ಯೋಳ್ತೀನಿ."

ವಾಪಸ್ ಹೋಗುವಾಗ ಅಜ್ಜಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಮನೆ ಸೇರುತ್ತಾರೆ ಅನ್ನುವುದೂ ಅವತ್ತೇ ತಿಳಿಯಿತು. ನಾನೂ ಕೂತು ಕೇಸರಿಬಾತು ತಿಂದೆ. ಅವರ ಮಗನಿಗೆ ಇವತ್ತಿನವರೆಗೂ ಹೇಳಿಲ್ಲ.

ಮಗಳು ಈಗ ಮೂರನೇ ತರಗತಿ. ಹೋದ ವಾರ ಬೆಳಿಗ್ಗೆ ಅಜ್ಜಿಯ ಕೊಡೆಯ ಹಿಂದೆ ಪಾರ್ಕಿನ ಹತ್ತಿರ ಬಂದಾಗ, ಎದುರಿಗೆ ಅವಳ ಗೆಳತಿಯರ ಗುಂಪು ಕಂಡಿತು. ಅವಳು ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಎಲ್ಲರೂ ನೋಡ್ತಾರೆ, ನೀನು ಸ್ವಲ್ಪ ಹಿಂದೆ ಬಾ ಅಂದಳು. ಎಷ್ಟು ಹಿಂದೆ ಅಂತ ಕೇಳಿದೆ. ಆ ಲೈಟ್ ಕಂಬದ ತನಕ ಅಂತ ತೋರಿಸಿದಳು. ಬ್ಯಾಗ್ ಮಾತ್ರ ನನ್ನ ಹೆಗಲ ಮೇಲೇ ಬಿಟ್ಟು ಓಡಿದಳು. ಅವಳು ಹೇಳಿದಷ್ಟು ದೂರ ಬಿಟ್ಟು ನಡೆಯತೊಡಗಿದೆ. ಮುಂದೆ ಅವರ ಮಾತು, ಜೋರಾಗಿ ನಗು, ಯಾರೋ ಯಾರನ್ನೋ ತಳ್ಳಿದ್ದು, ಯಾರೋ ಕೂಗಿದ್ದು. ಏನು ಮಾತಾಡುತ್ತಿದ್ದಾರೆ ಅಂತ ಅಷ್ಟು ದೂರದಿಂದ ಒಂದೂ ಕೇಳಿಸುತ್ತಿರಲಿಲ್ಲ.